ಸುವರ್ಣಗೆಡ್ಡೆಯ ಸಿಟ್ಟು ಇಳಿಸಿ ಸೂಪು ಮಾಡುವ ಬಗೆ

(ಕಲಬುರಗಿಯಲ್ಲಿ ಮಹಿಳೆಯರ ಒಂದು ಬಳಗದ ಮುಂದೆ, ಒಲೆ ಹಚ್ಚಿ ಮಾಡಿ ತೋರಿಸುತ್ತಾ ನೀಡಿದ ಉಪನ್ಯಾಸದ ಬರಹ ರೂಪ)

ಮೇಜಿನ ಮೇಲೆ ಗೋಣಿಚೀಲ ಹಾಸಿ ಇಟ್ಟಿರುವ ಈ ವಸ್ತುವನ್ನು ಕಂಡು, ಒಳಗೆ ಬರುತ್ತಿದ್ದಂತೆಯೇ ನಿಮ್ಮಲ್ಲಿ ಒಬ್ಬರು ‘ಇದೇನು ಆನೆ ಹೆಜ್ಜೆ ಇದ್ದಂಗ ಐತಿ’ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇದೆ. ಇಂಗ್ಲಿಷಿನವರೂ ಇದನ್ನು ಆನೆಪಾದದ ಗೆಡ್ಡೆ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ನಿನ್ನೆ ಸಂಜೆ ಕಣ್ಣಿ ಮಾರ್ಕೆಟ್ಟಿನಲ್ಲಿ ಇದನ್ನು ಕೊಂಡೆ. ತೂಕ ಮೂರು ಕಿಲೋಗಿಂತ ತುಸು ಹೆಚ್ಚು. ಮಾರುವಾಕೆ ತಕ್ಕಡಿಗೆ ಇಡುವ ಮೊದಲು ‘ಅಕ್ಕಾ, ಪೂರಾ ಒಯ್ತೀರೇನು, ಕೊಯ್ದು ಕೊಡ್ಲಿ?’ ಎಂದು ಕೇಳಿದಳು. ಪೂರಾ ಒಯ್ಯುವವರು ಅಪರೂಪವೆಂದು ಅವಳ ಮುಖವೇ ಹೇಳುತ್ತಿತ್ತು. ಬದನೆಕಾಯಿ, ಹೀರೇಕಾಯಿ, ಮೆಂತ್ಯೆ, ಪುಂಡಿಪಲ್ಯಗಳಿಗೆ ಒಗ್ಗಿದ ನಮ್ಮ ಊರಿನಲ್ಲಿ ಈ ಗೆಡ್ಡೆಯನ್ನು ಕಂಡವರು ಬಹಳ ಮಂದಿ, ಮನೆಗೆ ತಂದವರು ಕಡಿಮೆ, ತಂದು ಸೂಪು ಮಾಡಿದವರು ಇನ್ನೂ ಕಡಿಮೆ. ಕಾರಣ ಒಂದೇ: ನಾಲಿಗೆ, ಗಂಟಲು ತುರಿಸುತ್ತದೆ ಎಂಬ ಭಯ. ಈ ಭಯ ಎಲ್ಲಿಂದ ಬಂತು, ಅದಕ್ಕೆ ಮದ್ದೇನು ಎಂಬುದು ತಿಳಿದರೆ ಸೂಪು ಮಾಡುವುದು ದೊಡ್ಡ ಕೆಲಸವಲ್ಲ. ಆದ್ದರಿಂದ ಇಂದಿನ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ತುರಿಕೆಯ ಕುರಿತೇ ಇರುತ್ತದೆ.

ಮೊದಲು ಹೆಸರಿನ ವಿಚಾರ. ನಾವು ಉಳ್ಳಾಗಡ್ಡಿ, ಆಲೂಗಡ್ಡಿ ಎಂದಂತೆಯೇ ಇದನ್ನು ಸುವರ್ಣಗಡ್ಡಿ ಎನ್ನುತ್ತೇವೆ. ಬೀದರ, ಬಸವಕಲ್ಯಾಣದ ಕಡೆಯ ಮರಾಠಿ ಮನೆಗಳಲ್ಲಿ ಇದು ಸುರಣ; ಸೇಡಂ, ಗುರುಮಠಕಲ್ ದಾಟಿ ಆಚೆ ಹೋದರೆ ತೆಲುಗಿನ ಕಂದ; ಉರ್ದು ಮಾತಾಡುವವರಿಗೆ ಜಿಮೀಕಂದ್. ಈ ಕೊನೆಯ ಹೆಸರು ನನಗೆ ಬಹಳ ಹಿಡಿಸುತ್ತದೆ. ಪಾರಸಿಯ ಜಮೀನು ಮತ್ತು ಸಂಸ್ಕೃತದ ಕಂದ ಎರಡೂ ಕೂಡಿ, ನೆಲದೊಳಗಿನ ಗೆಡ್ಡೆ ಎಂಬ ಅರ್ಥದ ಒಂದೇ ಮಾತಾಗಿವೆ. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ನಮ್ಮ ಊರಿನ ಬಾಯಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ಆಯುರ್ವೇದದವರು ಸೂರಣವೆಂದೂ, ಮೂಲವ್ಯಾಧಿಗೆ ಕೊಡುತ್ತಿದ್ದುದರಿಂದ ಅರ್ಶೋಘ್ನವೆಂದೂ ಕರೆದಿದ್ದಾರೆ. ಇಂದು ನಾನು ಇದನ್ನು ಔಷಧಿಯಾಗಿ ಹೇಳಲು ನಿಂತಿಲ್ಲ, ಊಟವಾಗಿ ಹೇಳುತ್ತಿದ್ದೇನೆ.

ಗೆಡ್ಡೆ ಎಂದೊಡನೆ ನಾವು ಬೇರು ಎಂದುಕೊಳ್ಳುತ್ತೇವೆ. ಗೆಣಸು, ಗಜ್ಜರಿ, ಮೂಲಂಗಿ ನಿಜವಾಗಿಯೂ ಬೇರುಗಳು. ಸುವರ್ಣಗೆಡ್ಡೆ ಹಾಗಲ್ಲ, ಅದು ನೆಲದೊಳಗೆ ಊದಿಕೊಂಡ ಕಾಂಡ. ಇದರ ನೆತ್ತಿಯ ಮೇಲೆ ಬೆರಳಾಡಿಸಿದರೆ ನಡುವೆ ತಗ್ಗು, ತಗ್ಗಿನೊಳಗೆ ಗುಲಾಬಿ ಬಣ್ಣದ ಮೊಳಕೆಯ ಮೂತಿ ಸಿಗುತ್ತದೆ. ಒಂದು ಹಂಗಾಮಿನಲ್ಲಿ ಈ ಮೊಳಕೆಯಿಂದ ಸಾಮಾನ್ಯವಾಗಿ ಒಂದೇ ಎಲೆ ಏಳುತ್ತದೆ. ಹಾವಿನ ಮೈಯಂತೆ ಮಚ್ಚೆ ಮಚ್ಚೆಯಾದ ದಂಟಿನ ಮೇಲೆ ಕೊಡೆ ಬಿಚ್ಚಿದಂತೆ ಅದು ಹರಡಿಕೊಳ್ಳುತ್ತದೆ. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಬಿದ್ದಾಗ ಗೆಡ್ಡೆ ಕೀಳುತ್ತಾರೆ. ಹೂ ಬಿಟ್ಟರೆ ಕೊಳೆತ ಮಾಂಸದ ವಾಸನೆ. ಪರಾಗಸ್ಪರ್ಶ ಮಾಡುವ ಕೀಟಗಳನ್ನು ಕರೆಯುವ ಉಪಾಯವದು. ಅಡುಗೆಯ ಮಾತಿನ ನಡುವೆ ಇದನ್ನೇಕೆ ಹೇಳಿದೆ ಎಂದು ಮೂಗು ಮುಚ್ಚಿಕೊಳ್ಳಬೇಡಿ, ಗೆಡ್ಡೆಗೆ ಆ ವಾಸನೆ ಇಲ್ಲ.

ಇನ್ನು ತುರಿಕೆ. ಈ ಗೆಡ್ಡೆಯೂ ಕೆಸುವೂ ಒಂದೇ ಕುಟುಂಬದ ಸಸ್ಯಗಳು, ಆದ್ದರಿಂದ ಎರಡರ ಗುಣವೂ ಒಂದೇ. ಇವುಗಳ ಕೆಲವು ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣವು ಎರಡೂ ತುದಿ ಚೂಪಾದ ಸೂಜಿಗಳ ರೂಪದಲ್ಲಿ, ಕಡ್ಡಿಪೆಟ್ಟಿಗೆಯೊಳಗಿನ ಕಡ್ಡಿಗಳಂತೆ, ಕಟ್ಟುಕಟ್ಟಾಗಿ ಕುಳಿತಿರುತ್ತದೆ. ಸೂಕ್ಷ್ಮದರ್ಶಕವಿಲ್ಲದೆ ಕಣ್ಣಿಗೆ ಕಾಣುವುದಿಲ್ಲ. ನಾವು ಕೊಯ್ದಾಗ ಅಥವಾ ಅಗಿದಾಗ ಕೋಶ ಒಡೆದು ಸೂಜಿಗಳು ಹೊರಬಂದು ನಾಲಿಗೆ, ಗಂಟಲು, ಬೆರಳಸಂದಿಗಳಲ್ಲಿ ನಾಟುತ್ತವೆ. ಅವುಗಳ ಜೊತೆಗೇ ಇರುವ ಕೆರಳಿಸುವ ಸಸಾರಜನಕ ಆ ಗಾಯದೊಳಗೆ ಇಳಿದು ಉರಿ ಎಬ್ಬಿಸುತ್ತದೆ. ಹೀಗಾಗಿ ಇದು ಖಾರವೂ ಅಲ್ಲ, ನಮ್ಮ ಹಿರಿಯರು ಹೇಳುವ ‘ಉಷ್ಣ’ವೂ ಅಲ್ಲ, ಸಾವಿರಾರು ಸೂಜಿಗಳ ಚುಚ್ಚು. ಸೂಜಿಗಳು ಬರಿ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ. ಚೆನ್ನಾಗಿ ಬೇಯಿಸಿದರೆ ಕೆರಳಿಸುವ ಸಸಾರಜನಕ ಕೆಡುತ್ತದೆ. ಬೇಯಿಸಿದ ನೀರನ್ನು ಚೆಲ್ಲಿದರೆ ನೀರಿನಲ್ಲಿ ಕರಗುವ ಆಕ್ಸಲೇಟ್ ಅದರೊಡನೆ ಹೋಗುತ್ತದೆ. ಹುಣಸೆಯಂತಹ ಹುಳಿ ಉಳಿದ ಚುಚ್ಚನ್ನು ತಗ್ಗಿಸುತ್ತದೆ. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ನಾನು ಹೇಳುವ ಕ್ರಮದಲ್ಲಿ ಯಾವ ಹಂತ ಏಕೆ ಬಂತು ಎಂಬುದನ್ನು ನೀವೇ ಹೇಳಬಲ್ಲಿರಿ.

ಇದೆಲ್ಲ ನನಗೆ ಮೊದಲಿನಿಂದ ತಿಳಿದಿತ್ತು ಎಂದುಕೊಳ್ಳಬೇಡಿ. ನನ್ನ ತವರು ಯಾದಗಿರಿಯ ಹತ್ತಿರದ ಹಳ್ಳಿ. ಅಲ್ಲಿ ಈ ಗೆಡ್ಡೆ ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ. ಮದುವೆಯಾಗಿ ಕಲಬುರಗಿಗೆ ಬಂದ ಮೊದಲ ವರ್ಷ, ಮನೆಗೆ ಬೀಗರು ಬಂದಿದ್ದ ದಿನ, ಹೊಸತೇನಾದರೂ ಮಾಡಿ ಮೆಚ್ಚಿಸಬೇಕೆಂಬ ಹುಮ್ಮಸ್ಸಿನಲ್ಲಿ ಅರ್ಧ ಕಿಲೋ ಸುವರ್ಣಗೆಡ್ಡೆ ತರಿಸಿ, ಹೆಚ್ಚಿ, ಬೇಳೆ, ಟೊಮೆಟೊ, ಉಳ್ಳಾಗಡ್ಡಿ ಎಲ್ಲವನ್ನೂ ಒಂದೇ ಕುಕ್ಕರಿಗೆ ತುಂಬಿ ಎರಡು ಸೀಟಿ ಹಾಕಿಸಿದೆ. ಬಿಸಿ ಆರುವ ಮೊದಲೇ ಮಿಕ್ಸಿಯಲ್ಲಿ ರುಬ್ಬಿದೆ. ಬಟ್ಟಲಿಗೆ ಸುರಿದಾಗ ಅದು ಪೋಸ್ಟರು ಅಂಟಿಸುವ ಸರಿಯಂತೆ ಎಳೆಎಳೆಯಾಗಿ ಇಳಿಯಿತು. ರುಚಿಯೇನೋ ಕೆಟ್ಟಿರಲಿಲ್ಲ. ನಾಲ್ಕು ಚಮಚ ಕುಡಿಯುವಷ್ಟರಲ್ಲಿ ಮಾವನವರು ಬಟ್ಟಲನ್ನು ಸದ್ದಿಲ್ಲದೆ ಕೆಳಗಿಟ್ಟರು. ಬೀಗರ ಕಡೆಯ ಹಿರಿಯರೊಬ್ಬರು ಗಂಟಲು ಕೆರೆಯುತ್ತಾ ಎದ್ದು ಹೊರಗೆ ಹೋದರು. ಅತ್ತೆಯವರು ಒಳಗೆ ಬಂದು ಪಾತ್ರೆಯೊಳಗೆ ನೋಡಿ ಕೇಳಿದ್ದು ಇಷ್ಟೇ: ‘ಹುಣಸಿಹಣ್ಣು ತೋರಿಸಿಲ್ಲೇನವಾ ಇದಕ್ಕ? ಗಡ್ಡಿ ಸಿಟ್ಟು ಮೊದಲ ಇಳಿಸಬೇಕು, ಆಮ್ಯಾಲ ಒಲಿ ಮ್ಯಾಲ ಇಡಬೇಕು.’ ಎಲ್ಲರಿಗೂ ಹುಳಿ ಮಜ್ಜಿಗೆ ಕೊಟ್ಟು ಆ ದಿನ ಮುಗಿಸಿದೆವು. ಅತ್ತೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆಕ್ಸಲೇಟ್ ಎಂಬ ಪದವನ್ನು ಕೇಳಿದವರೂ ಅಲ್ಲ. ಆದರೆ ಗೃಹವಿಜ್ಞಾನ ಕಲಿತು ಬಂದ ನನಗಿಂತ ಅವರಿಗೆ ಈ ಗೆಡ್ಡೆ ಚೆನ್ನಾಗಿ ಗೊತ್ತಿತ್ತು.

ಕೊಳ್ಳುವಾಗ ನೋಡಬೇಕಾದ ಸಂಗತಿಗಳು ಹೆಚ್ಚಿಲ್ಲ. ಗೆಡ್ಡೆ ಗಟ್ಟಿಯಾಗಿ, ಹಿಡಿದರೆ ಭಾರವೆನಿಸುವಂತಿರಬೇಕು. ಮೇಲೆ ಅಂಟಿದ ಮಣ್ಣು ಒಣಗಿರಬೇಕು. ಕೊಯ್ದ ತುಂಡಾದರೆ ಮುಖ ಲೋಳೆಯಾಗಿರಬಾರದು. ಒಳಗಿನ ಬಣ್ಣ ಕೆಲವದರಲ್ಲಿ ಕೆನೆಯಂತೆ, ಕೆಲವದರಲ್ಲಿ ಕೇಸರಿ ಬೆರೆತ ಗುಲಾಬಿಯಂತೆ ಇರುತ್ತದೆ. ಎರಡೂ ಸೂಪಿಗೆ ಆಗುತ್ತವೆ. ಹೊಲದಿಂದ ಆಗತಾನೆ ಬಂದದ್ದಕ್ಕಿಂತ ಕೆಲವು ವಾರ ಗಾಳಿಯಾಡುವ ಮೂಲೆಯಲ್ಲಿ ಇಟ್ಟದ್ದು ಕಡಿಮೆ ತುರಿಸುತ್ತದೆ ಎಂದು ಬಳಸುವವರೆಲ್ಲ ಹೇಳುತ್ತಾರೆ, ನನ್ನ ಅನುಭವವೂ ಅದೇ. ತಳಿಯಿಂದಲೂ ವ್ಯತ್ಯಾಸವಾಗುತ್ತದೆ. ಆಂಧ್ರದ ಕೊವ್ವೂರಿನ ಕಡೆಯ ನಾಟಿ ಗೆಡ್ಡೆಯಿಂದ ಆರಿಸಿದ ಗಜೇಂದ್ರ ಎಂಬ ತಳಿ ತುರಿಕೆ ತೀರಾ ಕಡಿಮೆ ಇರುವುದಕ್ಕೇ ಹೆಸರಾಗಿ ಹಲವು ರಾಜ್ಯಗಳಿಗೆ ಹರಡಿತು. ತಿರುವನಂತಪುರದಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯೂ ಶ್ರೀ ಪದ್ಮ ಎಂಬ ತಳಿಯನ್ನು ಕೊಟ್ಟಿದೆ. ಆದರೆ ಮಾರ್ಕೆಟ್ಟಿನ ಗುಡ್ಡೆಯಲ್ಲಿ ತಳಿಯ ಚೀಟಿ ಅಂಟಿಸಿರುವುದಿಲ್ಲ. ಆದ್ದರಿಂದ ಪ್ರತಿಯೊಂದು ಗೆಡ್ಡೆಯೂ ತುರಿಸುತ್ತದೆ ಎಂದುಕೊಂಡೇ ಕೆಲಸ ಆರಂಭಿಸುವುದು ಒಳ್ಳೆಯದು.

ಈಗ ಕೊಯ್ಯುತ್ತೇನೆ, ನನ್ನ ಕೈಗಳನ್ನು ಗಮನಿಸಿ. ಗೆಡ್ಡೆಯನ್ನು ತೊಳೆದಿಲ್ಲ, ಒಣ ಬಟ್ಟೆಯಿಂದ ಮಣ್ಣು ಒರೆಸಿದ್ದೇನೆ ಅಷ್ಟೇ. ಒದ್ದೆ ಗೆಡ್ಡೆ ಜಾರುತ್ತದೆ, ಅದರ ರಸ ಕೈಗೆಲ್ಲ ಹರಡುತ್ತದೆ. ಅಂಗೈ, ಬೆರಳಸಂದಿ, ಮಣಿಕಟ್ಟಿನವರೆಗೆ ಕುಸುಬಿ ಎಣ್ಣೆ ಸವರಿಕೊಂಡಿದ್ದೇನೆ. ಕೈಗವಸು ಇದ್ದವರು ಅದನ್ನೇ ಹಾಕಿಕೊಳ್ಳಿ. ಸಿಪ್ಪೆಯನ್ನು ಆಲೂಗಡ್ಡೆಯಂತೆ ತೆಳ್ಳಗೆ ತೆಗೆಯಬೇಡಿ. ಅರ್ಧ ಬೆರಳಿನಷ್ಟು ದಪ್ಪವಾಗಿ, ಸಿಪ್ಪೆಯ ಕೆಳಗಿನ ಪದರವೂ ಬರುವಂತೆ ಕೊಯ್ದು ತೆಗೆಯಿರಿ. ದುಡ್ಡು ಕೊಟ್ಟದ್ದು ಹಾಳಾಯಿತಲ್ಲ ಎಂದು ಮರುಗಬೇಡಿ. ನಂತರ ಅಡಿಕೆಯಷ್ಟು ದೊಡ್ಡ ಹೋಳುಗಳನ್ನಾಗಿ ಮಾಡಿ. ನಾಲ್ಕೈದು ಮಂದಿಗೆ ಸಿಪ್ಪೆ ತೆಗೆದ ಕಾಲು ಕಿಲೋ ಹೋಳು ಬೇಕಾದಷ್ಟಾಯಿತು.

ಸಿಟ್ಟು ಇಳಿಸುವುದು ಈಗ. ಸಣ್ಣ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಒಂದು ತಂಬಿಗೆ ನೀರಿನಲ್ಲಿ ಕಿವುಚಿ, ಕಾಲು ಚಮಚ ಅರಿಸಿನ, ಒಂದು ಚಮಚ ಉಪ್ಪು ಹಾಕಿ, ಹೋಳುಗಳನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಅದೇ ನೀರಿನಲ್ಲಿಯೇ ಒಲೆಯ ಮೇಲಿಟ್ಟು ಐದಾರು ನಿಮಿಷ ಕುದಿಸಿ, ನೀರನ್ನು ಪೂರ್ತಿ ಬಸಿದು ಚೆಲ್ಲಿ. ಬಸಿದ ನೀರು ಎಷ್ಟು ಮಂಜಾಗಿದೆ ಎಂಬುದನ್ನು ಮುಂದಿನ ಸಾಲಿನವರು ಎದ್ದು ಬಂದು ನೋಡಬಹುದು. ‘ಇಷ್ಟೊಂದು ಪೌಷ್ಟಿಕಾಂಶ ಚೆಲ್ಲಬೇಕೇ’ ಎಂದು ಈಗಾಗಲೇ ಒಬ್ಬರು ಕೇಳಿದರು. ಚೆಲ್ಲಲೇಬೇಕು. ಬೇರೆ ತರಕಾರಿ ಬೇಯಿಸಿದ ನೀರನ್ನು ಸಾರಿಗೆ ಹಾಕಿ ಎಂದು ನಾನೇ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಆ ಪಾಠ ಈ ಗೆಡ್ಡೆಗೆ ಅನ್ವಯಿಸುವುದಿಲ್ಲ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಹುಳಿಯಿಂದ ತುರಿಕೆ ಹೋಗುವುದಾದರೆ ಹುಳಿಯಲ್ಲಿಯೇ ಮೆತ್ತಗಾಗುವ ತನಕ ಬೇಯಿಸಿಬಿಡೋಣ ಎಂದುಕೊಳ್ಳುತ್ತಾರೆ. ಹುಳಿ ಬಿದ್ದ ಬೇಳೆ ಬೇಯುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವ ಮಾತು. ಗೆಡ್ಡೆಗೂ ಅದೇ ನಿಯಮ. ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ, ಹೋಳು ಗಂಟೆಗಟ್ಟಲೆ ಗಟ್ಟಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಹುಳಿನೀರನ್ನು ಚೆಲ್ಲಿದ ಮೇಲೆ ಹೋಳನ್ನು ಒಮ್ಮೆ ತೊಳೆದು, ಹೊಸ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಬರುವವರೆಗೆ ಬೇಯಿಸಬೇಕು. ಚಮಚದ ಹಿಂಬದಿಯಿಂದ ಒತ್ತಿದರೆ ಹೋಳು ಬೆಣ್ಣೆಯಂತೆ ಕುಸಿಯಬೇಕು. ನಡುವೆ ತುಸು ಗಟ್ಟಿ ಸಿಕ್ಕರೂ ಇನ್ನೆರಡು ಸೀಟಿ. ಅರೆಬೆಂದ ಗೆಡ್ಡೆಯೇ ಗಂಟಲಿಗೆ ವೈರಿ. ಈ ಎರಡನೆಯ ನೀರನ್ನೂ ನಾನು ಬಳಸುವುದಿಲ್ಲ.

ನೀರಿನ ಮಾತು ಬಂದದ್ದರಿಂದ ಒಂದು ವಿಷಯ. ನಮ್ಮದು ಸುಣ್ಣಕಲ್ಲಿನ ನೆಲ. ಶಹಾಬಾದದ ಹಾಸುಗಲ್ಲೂ ಸೇಡಂ, ಚಿತ್ತಾಪುರದ ಸಿಮೆಂಟೂ ಅದರಿಂದಲೇ ಬಂದವು. ಬೋರಿನ ನೀರು ಗಡಸಾಗಿರುವುದಕ್ಕೆ ಇದೇ ಕಾರಣ. ಅದರಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುವುದರಿಂದ ಬೇಳೆಯೂ ಗೆಡ್ಡೆಯೂ ಬೇಗ ಬೇಯುವುದಿಲ್ಲ. ಕೆಲವರು ಚಿಟಿಕೆ ಸೋಡಾ ಹಾಕುತ್ತಾರೆ. ಬೇಯುತ್ತದೆ ನಿಜ, ಆದರೆ ಬೇಳೆಯ ಪರಿಮಳ ಕೆಡುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ನಲ್ಲಿಯ ಸಿಹಿನೀರನ್ನು ಅಥವಾ ಕುಡಿಯಲು ಶುದ್ಧೀಕರಿಸಿದ ನೀರನ್ನು ಬಳಸಿ.

ಗೆಡ್ಡೆ ಬೇಯುವಷ್ಟರಲ್ಲಿ ಬೇಳೆಯ ಕಟ್ಟು ಸಿದ್ಧ ಮಾಡಿಕೊಳ್ಳೋಣ. ಸೂಪಿಗೆ ಮಾಂಸದ ರಸವೋ ಪೊಟ್ಟಣದ ಪುಡಿಯೋ ಬೇಕೆಂದು ಹೋಟೆಲಿನ ಅಭ್ಯಾಸ ನಮಗೆ ಕಲಿಸಿದೆ. ತೊಗರಿಯ ಕಣಜವೆಂದು ಕರೆಸಿಕೊಳ್ಳುವ, 2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಜಿಲ್ಲೆಯವರು ನಾವು; ನಮಗೆ ಆ ಪುಡಿಯ ಹಂಗೇಕೆ? ನೂರು ಗ್ರಾಂ ಬೇಳೆಯನ್ನು ಒಂದು ಲೀಟರ್ ನೀರಿನಲ್ಲಿ, ಒಂದೆರಡು ಹನಿ ಎಣ್ಣೆ, ಚಿಟಿಕೆ ಅರಿಸಿನದೊಡನೆ ಮೆತ್ತಗೆ ಬೇಯಿಸಿ, ಕಲಕದೆ ಹತ್ತು ನಿಮಿಷ ಬಿಡಿ. ಮೇಲೆ ನಿಂತ ತಿಳಿಹಳದಿ ಕಟ್ಟನ್ನು ಮೆಲ್ಲಗೆ ಬಸಿದುಕೊಳ್ಳಿ. ಹೋಳಿಗೆಯ ದಿನ ಕಡಲೆಬೇಳೆಯ ಕಟ್ಟಿನಿಂದ ಸಾರು ಮಾಡುವ ಕೈಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೆಳಗುಳಿದ ಬೇಳೆ ರಾತ್ರಿಯ ಪಪ್ಪಿಗೆ ಆಯಿತು.

ಸೂಪು ಎಂಬ ಪದವೂ ಇಲ್ಲಿಗೆ ಸಂಬಂಧಿಸಿದ್ದೇ. ಇಂಗ್ಲಿಷಿನ ಸೂಪೂ ನಮ್ಮ ಹಳೆಯ ‘ಸೂಪ’ವೂ ಕೇಳಲು ಒಂದೇ, ಆದರೆ ನಮ್ಮ ಬಾಯಿಗೆ ಬಂದ ದಾರಿ ಬೇರೆ ಬೇರೆ. ಸಂಸ್ಕೃತದಿಂದ ಬಂದ ಸೂಪವೆಂದರೆ ಬೇಳೆಯ ಅಡುಗೆ, ಸೂಪಕಾರನೆಂದರೆ ಅಡುಗೆಯವನು, ಸೂಪಶಾಸ್ತ್ರವೆಂದರೆ ಪಾಕಶಾಸ್ತ್ರ. ಇಲ್ಲಿಂದ ಕೆಲವೇ ಗಂಟೆಗಳ ದಾರಿಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಬೇಳೆಗಳನ್ನು ಇಂಗು, ಉಪ್ಪು, ಅರಿಸಿನ ಹಾಕಿ ಹದವಾದ ಉರಿಯಲ್ಲಿ ಬೇಯಿಸುವ ಕ್ರಮವನ್ನು ಅದರಲ್ಲಿ ಹೇಳಿದೆ. ಇಂಗ್ಲಿಷಿನ ಸೂಪಾದರೋ ಫ್ರೆಂಚರ ಮೂಲಕ ಬಂದದ್ದು. ಅದು ಮೊದಲಿಗೆ ರಸದಲ್ಲಿ ನೆನೆಸಿದ ರೊಟ್ಟಿಯ ತುಂಡಿಗೆ ಇದ್ದ ಹೆಸರು. ಈ ರೊಟ್ಟಿಯ ತುಂಡನ್ನು ನೆನಪಿಡಿ, ಮತ್ತೆ ಬರುತ್ತದೆ.

ಬೆಂದ ಗೆಡ್ಡೆಯನ್ನು ಬಸಿದು, ದಪ್ಪ ತಳದ ಪಾತ್ರೆಗೆ ಹಾಕಿ ಕಡಗೋಲಿನಿಂದ ಕಡೆಯಿರಿ. ಮಿಕ್ಸಿ ಬೇಡ. ಇದರಲ್ಲಿ ಪಿಷ್ಟ ಬಹಳ. ಬಿಸಿಯಿರುವಾಗ ಮಿಕ್ಸಿಯ ಬ್ಲೇಡು ಪಿಷ್ಟದ ಕಣಗಳನ್ನು ಒಡೆದುಹಾಕುವುದರಿಂದಲೇ ನನ್ನ ಮೊದಲ ಸೂಪು ಅಂಟಾದದ್ದು. ಕಡಗೋಲು ಹೋಳನ್ನು ಬಿಡಿಸುತ್ತದೆ, ಅರೆಯುವುದಿಲ್ಲ. ಅಲ್ಲೊಂದು ಇಲ್ಲೊಂದು ಚೂರು ಉಳಿದರೆ ಬಾಯಿಗೆ ಹಿತವೇ. ಇದಕ್ಕೆ ಬೇಳೆಯ ಕಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕುದಿಸಿ. ಮೆಕ್ಕೆಜೋಳದ ಹಿಟ್ಟು ಕದಡಿ ಹಾಕುವ ಅಗತ್ಯ ಇಲ್ಲವೇ ಇಲ್ಲ. ಗೆಡ್ಡೆಯೇ ಮಂದ ಮಾಡಿಕೊಳ್ಳುತ್ತದೆ. ಆರಿದಷ್ಟೂ ಗಟ್ಟಿಯಾಗುವುದರಿಂದ ಒಲೆಯ ಮೇಲಿರುವಾಗ ತುಸು ತೆಳ್ಳಗೇ ಇರಲಿ.

ಒಗ್ಗರಣೆಗೆ ಒಂದು ದೊಡ್ಡ ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಬೆರಳ ಗೆಣ್ಣಿನಷ್ಟು ಹಸಿಶುಂಠಿ, ಒಂದೆಳೆ ಕರಿಬೇವು. ಶುಂಠಿ ಬೀದರ ಕಡೆಯದು ಸಿಕ್ಕರೆ ಒಳ್ಳೆಯದು. ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲಕ್ಕೆ ಶುಂಠಿ ಚೆನ್ನಾಗಿ ಹೊಂದಿಕೊಂಡಿದೆ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದ ಕೂಡಲೇ ಕುದಿಯುವ ಸೂಪಿಗೆ ಸುರಿದು, ಕುಟ್ಟಿದ ಕರಿಮೆಣಸು ಒಂದು ಚಮಚ, ರುಚಿಗೆ ಉಪ್ಪು ಹಾಕಿ. ಕೆಂಪು ಖಾರ ಹಾಕಬೇಡಿ ಎಂದು ನನ್ನ ಸಲಹೆ. ಗಂಟಲಿನಲ್ಲಿ ಉರಿ ಎನಿಸಿದರೆ ಅದು ಖಾರದ್ದೋ ಗೆಡ್ಡೆಯದೋ ತಿಳಿಯುವುದಿಲ್ಲ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಹುಣಸೆಯ ಬದಲು ಪುಂಡಿಯ ಎಲೆ ಹಾಕಬಹುದೇ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂದಿದೆ. ನಾನು ಮಾಡಿ ನೋಡಿದ್ದೇನೆ. ಹುಳಿ ಚೆನ್ನಾಗಿಯೇ ಬಂತು, ಆದರೆ ಪುಂಡಿಯ ರುಚಿ ಎಲ್ಲವನ್ನೂ ಆಳಿತು. ಪುಂಡಿಸಾರು ಕುಡಿಯಬೇಕೆನಿಸಿದರೆ ಪುಂಡಿಸಾರನ್ನೇ ಮಾಡಿಕೊಳ್ಳಬಹುದಲ್ಲ.

ಕುಡಿಯುವ ಮೊದಲು ಎರಡು ಎಚ್ಚರಿಕೆ. ಬಡಿಸುವವರು ಮೊದಲು ತಾವು ಅರ್ಧ ಚಮಚ ಬಾಯಿಗೆ ಹಾಕಿಕೊಂಡು ಐದು ನಿಮಿಷ ಕಾಯಬೇಕು. ನಾನಂತೂ ಬೀಗರ ಆ ಊಟದ ನಂತರ ಒಮ್ಮೆಯೂ ಇದನ್ನು ತಪ್ಪಿಸಿಲ್ಲ. ನವೆ ಎನಿಸಿದರೆ ಪಾತ್ರೆಯನ್ನು ಮತ್ತೆ ಒಲೆಗೇರಿಸಿ ಇನ್ನಷ್ಟು ಬೇಯಿಸಿ, ಹುಳಿ ಹೆಚ್ಚಿಸಿ. ಬಾಯಿ ತುರಿಸುವುದಷ್ಟೇ ಆದರೆ ಮಜ್ಜಿಗೆ ಸಾಕು. ನಾಲಿಗೆ, ತುಟಿ, ಗಂಟಲು ಊದಿಕೊಂಡರೆ ಮನೆಮದ್ದು ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ಎರಡನೆಯದು, ಮೂತ್ರಪಿಂಡದ ಹರಳಿನಿಂದ ನರಳಿದವರು ಆಕ್ಸಲೇಟ್ ಹೆಚ್ಚಿರುವ ಈ ಗೆಡ್ಡೆಯನ್ನು ವೈದ್ಯರನ್ನು ಕೇಳದೆ ತಿನ್ನಬಾರದು. ಉಳಿದವರೂ ಜೊತೆಗೆ ಒಂದು ಬಟ್ಟಲು ಮೊಸರು ಇಟ್ಟುಕೊಳ್ಳುವುದು ಜಾಣತನ. ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲಿಯೇ ಆಕ್ಸಲೇಟನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ತಡೆಯುತ್ತದೆ.

ಈ ಬುಟ್ಟಿಯಲ್ಲಿರುವುದು ಮನೆಯಿಂದ ತಂದ ಖಡಕ್ ಜೋಳದ ರೊಟ್ಟಿ, ಡಬ್ಬಿಯಲ್ಲಿರುವುದು ಅಗಸಿ ಹಿಂಡಿ. ಬಟ್ಟಲಿಗೆ ಮೊದಲು ರೊಟ್ಟಿಯನ್ನು ಕೈಯಿಂದ ಮುರಿದು ಹಾಕಿ, ಮೇಲೆ ಬಿಸಿ ಸೂಪು ಸುರಿದು, ಚಿಟಿಕೆ ಹಿಂಡಿ ಉದುರಿಸಿ. ಫ್ರೆಂಚರ ರೊಟ್ಟಿಯ ತುಂಡು ಎಂದೆನಲ್ಲ, ಅದು ನಮ್ಮಲ್ಲಿ ಹೀಗೆ ಇದೆ. ರೊಟ್ಟಿ ನೆನೆಯಲು ಎರಡು ನಿಮಿಷ ಬೇಕು. ನನ್ನ ಅರ್ಧ ಚಮಚ ಬಾಯಿಗೆ ಹೋಗಿ ಆಗಲೇ ಆರು ನಿಮಿಷವಾಯಿತು, ಗಂಟಲು ಸುಮ್ಮನಿದೆ. ಬಟ್ಟಲುಗಳನ್ನು ಈ ಕಡೆ ಕಳುಹಿಸಿ.